ಕಥೆಯಲ್ಲಿ ಮಾತು ಬರೆಯುವ ಬಗೆ: ‘ಎಂದ’ ಎಲ್ಲಿ ಕೂರಬೇಕು, ಚಿಹ್ನೆ ಎಲ್ಲಿ ಬೀಳಬೇಕು

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಎಳೆಯ ಕಥೆಗಾರರ ಹಸ್ತಪ್ರತಿಗಳನ್ನು ಶಿವಮೊಗ್ಗದಲ್ಲಿ ಕುಳಿತು ತಿದ್ದುವಾಗ ಒಂದೇ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ಕಥೆ ಸೊಗಸಾಗಿ ಸಾಗುತ್ತಿರುತ್ತದೆ. ಪಾತ್ರಗಳು ಬಾಯಿ ತೆರೆದ ಕೂಡಲೇ ಯಾರು ಯಾರಿಗೆ ಏನು ಹೇಳಿದರು ಎಂಬುದು ಕಲಸಿಹೋಗುತ್ತದೆ. ತೆರೆದ ಉದ್ಧರಣ ಚಿಹ್ನೆ ಮುಚ್ಚಿರುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ ‘ಕೇಳಿದ’ ಎಂಬುದರ ಪಕ್ಕದಲ್ಲಿ ನಿಂತಿರುತ್ತದೆ. ತಿದ್ದಿ ಕಳಿಸಿದರೆ ಮುಂದಿನ ಕಥೆಯಲ್ಲಿ ಅದೇ ತಪ್ಪು ಬೇರೆ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಕಾರಣ ಸರಳವಾಗಿದೆ. ಬಹುತೇಕರು ಚಿಹ್ನೆಗಳಿಂದ ಶುರುಮಾಡುತ್ತಾರೆ. ಆದರೆ ಕನ್ನಡದಲ್ಲಿ ಮಾತು ಎಲ್ಲಿ ಮುಗಿಯಿತು ಎಂದು ಓದುಗನಿಗೆ ಮೊದಲು ತಿಳಿಸುವುದು ‘ಎಂದು’, ‘ಎಂದ’, ‘ಎಂದಳು’, ‘ಎಂದರು’ ಎಂಬ ರೂಪಗಳು. ಅವು ಸರಿಯಾದ ಜಾಗದಲ್ಲಿ ಕುಳಿತರೆ ಚಿಹ್ನೆಗಳಿಗೆ ಉಳಿಯುವ ಕೆಲಸ ತೀರ ಕಡಿಮೆ. ಅವು ತಪ್ಪಿದರೆ ಎಷ್ಟು ಚಿಹ್ನೆ ಹಾಕಿದರೂ ವಾಕ್ಯ ನೆಟ್ಟಗಾಗದು. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಐದನೆಯ ಹಂತವನ್ನು ಮೊದಲು ಮಾಡಿದರೆ ಎಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತದೆ.

## ಬೇಕಾದ ಸಾಮಗ್ರಿ

ಎರಡು ಬಣ್ಣದ ಪೆನ್ನು, ಕಥೆಯ ಮುದ್ರಿತ ಪ್ರತಿ ಅಥವಾ ಸಾಲು ಬಿಟ್ಟು ಬರೆದ ಕೈಬರಹದ ಪ್ರತಿ, ಮತ್ತು ಒಂದು ಖಾಲಿ ಹಾಳೆ. ಖಾಲಿ ಹಾಳೆಯಲ್ಲಿ ನಿಮ್ಮ ಕಥೆಗೆ ನೀವು ಆರಿಸಿಕೊಂಡ ಪದ್ಧತಿಗಳನ್ನು ಬರೆದಿಟ್ಟುಕೊಳ್ಳಬೇಕು. ಕನ್ನಡ ಮುದ್ರಣದಲ್ಲಿ ಕೆಲವು ಸಂಗತಿಗಳಿಗೆ ಒಂದಕ್ಕಿಂತ ಹೆಚ್ಚು ರೂಢಿಗಳಿವೆ. ಯಾವುದನ್ನು ಆರಿಸಿದಿರಿ ಎಂಬುದಕ್ಕಿಂತ ಕೊನೆಯ ಪುಟದವರೆಗೂ ಅದನ್ನೇ ಪಾಲಿಸಿದಿರಾ ಎಂಬುದು ಮುಖ್ಯ.

ಕೆಲಸಕ್ಕೆ ಈ ಭಾಗವನ್ನು ಇಟ್ಟುಕೊಳ್ಳೋಣ. ಅಡಿಕೆ ಕೊಯ್ಲಿನ ಹೊತ್ತಿನ ಮಾತುಕತೆ (ಕೊನೆಗಾರರು ಎಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು); ಸಾಮಾನ್ಯವಾಗಿ ಬರುವ ತಪ್ಪುಗಳನ್ನೆಲ್ಲ ಇದರಲ್ಲಿ ಬೇಕೆಂದೇ ತುಂಬಿದ್ದೇನೆ:

ಗಣಪಯ್ಯ ಅಂಗಳಕ್ಕೆ ಬಂದು ಭಾವ ಈ ಸಲ ಕೊನೆಗಾರರು ಸಿಕ್ಕಿದರೇ ಎಂದು ಕೇಳಿದ? ಯಾರೂ ಸಿಕ್ಕಿಲ್ಲ “ಮಳೆ ಬೇರೆ ಬಿಡುತ್ತಿಲ್ಲ”ವೆಂದು ಭಟ್ಟರು “ತಾನು ನಾಳೆ ಕೋಣಂದೂರಿಗೆ ಹೋಗಿ ನೋಡುತ್ತೇನೆ” ಹೇಳಿದರು. ಹಾಗಾದರೆ ನಾನೂ ಬರುತ್ತೇನೆ ಎಂದ.

## ಹಂತ 1: ಬಾಯಿಂದ ಬಂದ ಪದಗಳಿಗೆ ಗೆರೆ ಎಳೆಯಿರಿ

ಪಾತ್ರದ ಬಾಯಿಂದ ಹೊರಟ ಪದಗಳಿಗೆ ಮಾತ್ರ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆಯಿರಿ. ಚಿಹ್ನೆಗಳ ಗೊಡವೆ ಈಗ ಬೇಡ. ಇರುವ ಉದ್ಧರಣ ಚಿಹ್ನೆಗಳನ್ನು ಸದ್ಯಕ್ಕೆ ಇಲ್ಲವೆಂದೇ ಭಾವಿಸಿ. ನಮ್ಮ ಭಾಗದಲ್ಲಿ “ಭಾವ”ದಿಂದ “ಸಿಕ್ಕಿದರೇ”ವರೆಗೆ ಒಂದು ಗೆರೆ, “ಯಾರೂ”ದಿಂದ “ಬಿಡುತ್ತಿಲ್ಲ”ದವರೆಗೆ ಇನ್ನೊಂದು, ಹೀಗೆ.

ಪ್ರತಿ ಗೆರೆಯ ಅಂಚಿನಲ್ಲಿ ಆಡಿದವರ ಹೆಸರು ಬರೆಯಿರಿ. ಬರೆದವರಿಗೇ ಇಲ್ಲಿ ಒಂದು ಕ್ಷಣ ಯೋಚಿಸಬೇಕಾಗಿ ಬಂದರೆ ಓದುಗನಿಗೆ ಖಂಡಿತ ಗೊಂದಲವಾಗುತ್ತದೆ. ಕೊನೆಯ ‘ಬರುತ್ತೇನೆ ಎಂದ’ ನೋಡಿ: ಹೇಳಿದವನು ಗಣಪಯ್ಯನೇ, ಅಥವಾ ಅಂಗಳದಲ್ಲಿ ಇನ್ನೊಬ್ಬನಿದ್ದಾನೆಯೇ? ಅಂಥ ಜಾಗಕ್ಕೆ ಒಂದು ಗುರುತು ಹಾಕಿ.

## ಹಂತ 2: ನೇರ ಮಾತೋ, ಪರೋಕ್ಷ ಮಾತೋ ತೀರ್ಮಾನಿಸಿ

ಪಾತ್ರದ ಮಾತನ್ನು ಅದು ಆಡಿದಂತೆಯೇ ಕೊಟ್ಟರೆ ನೇರ ಮಾತು. ಅದಕ್ಕೆ ಉದ್ಧರಣ ಚಿಹ್ನೆ ಬೇಕು. ಮಾತಿನ ಸಾರವನ್ನು ಕಥೆ ಹೇಳುವವರ ಮಾತಿನಲ್ಲಿ ಕೊಟ್ಟರೆ ಪರೋಕ್ಷ ಮಾತು. ಅದಕ್ಕೆ ಚಿಹ್ನೆ ಕೂಡದು. ಎರಡರ ನಡುವೆ ನಿಂತ ವಾಕ್ಯವೇ ಅತಿ ಹೆಚ್ಚು ಕಾಣುವ ತಪ್ಪು.

ಪರೀಕ್ಷೆ ಸುಲಭ. ಗೆರೆ ಎಳೆದ ಭಾಗದಲ್ಲಿ ‘ತಾನು’ ಅಥವಾ ‘ತಾವು’ ಆಡಿದವರನ್ನೇ ಸೂಚಿಸುತ್ತಿದ್ದರೆ ಅದು ಪರೋಕ್ಷ. “ತಾನು ನಾಳೆ ಹೋಗಿ ನೋಡುತ್ತೇನೆ” ಎಂದು ಯಾವ ಭಟ್ಟರೂ ಮಾತನಾಡುವುದಿಲ್ಲ. ಒಂದೋ “ನಾನು ನಾಳೆ ಕೋಣಂದೂರಿಗೆ ಹೋಗಿ ನೋಡುತ್ತೇನೆ” ಎಂದರು ಎಂದು ಬರೆಯಬೇಕು. ಇಲ್ಲವೇ, ಚಿಹ್ನೆ ತೆಗೆದು, ‘ತಾವು ಮರುದಿನ ಕೋಣಂದೂರಿಗೆ ಹೋಗಿ ನೋಡುವುದಾಗಿ ಭಟ್ಟರು ಹೇಳಿದರು’ ಎನ್ನಬೇಕು. ಪರೋಕ್ಷಕ್ಕೆ ತಿರುಗಿಸುವಾಗ ಮೂರು ಕಡೆ ಬದಲಾವಣೆ ಆಯಿತು: ‘ನಾನು’ ಹೋಗಿ ‘ತಾವು’ ಬಂತು, ‘ನಾಳೆ’ ಹೋಗಿ ‘ಮರುದಿನ’ ಬಂತು, ‘ನೋಡುತ್ತೇನೆ’ ಹೋಗಿ ‘ನೋಡುವುದಾಗಿ’ ಬಂತು. ಒಂದನ್ನು ಮಾಡಿ ಉಳಿದೆರಡನ್ನು ಬಿಟ್ಟರೆ ವಾಕ್ಯ ಎರಡು ದೋಣಿಗಳಲ್ಲಿ ಕಾಲಿಟ್ಟಂತೆ ಆಗುತ್ತದೆ.

ಕಥೆಯನ್ನು ‘ನಾನು’ ಎಂದೇ ನಿರೂಪಿಸುತ್ತಿದ್ದರೆ ಹೆಚ್ಚಿನ ಎಚ್ಚರ ಬೇಕು. ‘ನಾನು ಬರುವುದಿಲ್ಲ ಎಂದ ಗಣಪಯ್ಯ’ ಎಂದು ಚಿಹ್ನೆಯಿಲ್ಲದೆ ಬರೆದರೆ ಬರದೇ ಇರುವವನು ಗಣಪಯ್ಯನೋ, ಕಥೆ ಹೇಳುತ್ತಿರುವವನೋ? ಎರಡೂ ಅರ್ಥ ಹೊರಡುತ್ತದೆ. ಇಂಥ ಕಥೆಯಲ್ಲಿ ನೇರ ಮಾತಿಗೆ ಚಿಹ್ನೆ ಬಿಡುವಂತೆಯೇ ಇಲ್ಲ.

## ಹಂತ 3: ‘ಎಂದ’ನ ಜಾಗ ನಿಗದಿಪಡಿಸಿ

ಇಡೀ ಕೆಲಸದ ತಿರುಳು ಇದು. ಇಲ್ಲಿ ಅವಸರ ಮಾಡಬೇಡಿ.

ಮಾತು ಚಿಕ್ಕದಾಗಿದ್ದರೆ ಹೆಸರು ಮೊದಲು, ಮಾತು ನಡುವೆ, ‘ಎಂದ’ ಕೊನೆಗೆ: ಗಣಪಯ್ಯ, “ನಾಳೆ ಬರುತ್ತೇನೆ” ಎಂದ. ಇದು ಕನ್ನಡದ ಸಹಜ ಕ್ರಮ. ಆದರೆ ಮಾತು ಉದ್ದವಾದಷ್ಟೂ ಈ ಕ್ರಮ ಕೈಕೊಡುತ್ತದೆ. ಹೆಸರು ಸಾಲಿನ ಆರಂಭದಲ್ಲಿ, ‘ಎಂದ’ ನಾಲ್ಕು ವಾಕ್ಯಗಳ ಆಚೆ. ಅಲ್ಲಿಗೆ ತಲುಪುವಷ್ಟರಲ್ಲಿ ಆಡಿದವರು ಯಾರೆಂಬುದೇ ಮರೆತಿರುತ್ತದೆ. ಹೆಸರಿಗೂ ‘ಎಂದ’ಗೂ ನಡುವೆ ಎರಡಕ್ಕಿಂತ ಹೆಚ್ಚು ವಾಕ್ಯಗಳಿದ್ದರೆ ಕ್ರಮ ಬದಲಿಸಿ.

ಬದಲಿಸಲು ಮೂರು ದಾರಿಗಳಿವೆ. ಹೆಸರನ್ನು ಹಿಂದಕ್ಕೆ ಒಯ್ಯಬಹುದು: “ನಾಳೆ ಬರುತ್ತೇನೆ” ಎಂದ ಗಣಪಯ್ಯ. ಮಾತನ್ನು ಒಡೆದು ನಡುವೆ ಹೆಸರಿಡಬಹುದು: “ಯಾರೂ ಸಿಕ್ಕಿಲ್ಲ. ಮಳೆ ಬೇರೆ ಬಿಡುತ್ತಿಲ್ಲ” ಎಂದರು ಭಟ್ಟರು. “ನಾನು ನಾಳೆ ಕೋಣಂದೂರಿಗೆ ಹೋಗಿ ನೋಡುತ್ತೇನೆ.” ಮಾತು ಒಂದು ಪುಟದಷ್ಟಿದ್ದರೆ ‘ಭಟ್ಟರು ಹೇಳಿದ್ದಿಷ್ಟು:’ ಎಂದು ವಿವರಣಾತ್ಮಕ ಚಿಹ್ನೆ ಹಾಕಿ, ಮುಂದೆ ಮಾತನ್ನು ಪೂರ್ತಿ ಕೊಟ್ಟು, ಕೊನೆಯಲ್ಲಿ ‘ಎಂದು’ ಇಲ್ಲದೆಯೇ ಮುಗಿಸಬಹುದು. ನನಗೆ ನಡುವೆ ಒಡೆಯುವ ದಾರಿಯೇ ಹೆಚ್ಚು ಇಷ್ಟ; ಓದುಗನಿಗೆ ಉಸಿರಾಡಲು ಜಾಗ ಸಿಗುತ್ತದೆ, ಆಡುವವರೂ ಬೇಗ ಗೊತ್ತಾಗುತ್ತಾರೆ.

ಒಡೆಯುವಾಗ ಒಂದು ನಿಯಮವನ್ನು ಮೀರಬೇಡಿ. ಕನ್ನಡ ವಾಕ್ಯದ ಕ್ರಿಯಾಪದ ಕೊನೆಯಲ್ಲಿರುತ್ತದೆ. ಅದು ಬರುವ ಮೊದಲು ವಾಕ್ಯವನ್ನು ಕತ್ತರಿಸಿದರೆ ಎರಡು ತುಂಡುಗಳೂ ಅರ್ಥಹೀನ. “ನಾನು” ಎಂದ ಗಣಪಯ್ಯ, “ನಾಳೆ ಬರುತ್ತೇನೆ” ಎಂಬ ವಾಕ್ಯ ಓದಿ ನೋಡಿ. ಅವನು ‘ನಾನು’ ಎಂದಷ್ಟೇ ಹೇಳಿ ನಿಲ್ಲಿಸಿದಂತಿದೆ. ಒಡೆಯಬಹುದಾದ ಜಾಗಗಳು ಎರಡೇ: ಪೂರ್ಣ ಕ್ರಿಯಾಪದ ಬಂದ ನಂತರ, ಅಥವಾ ಸಂಬೋಧನೆ, ಉದ್ಗಾರಗಳ ನಂತರ. “ಅಯ್ಯೋ ಭಾವ!” ಎಂದ ಗಣಪಯ್ಯ. “ಅವರನ್ನು ನಂಬಿ ಕೂರಬೇಡಿ.” ಇದು ಸರಿ.

ಇನ್ನು ಕ್ರಿಯಾಪದದ ಮಾತು. ಹೇಳು, ಕೇಳು, ಕೂಗು, ಗೊಣಗು ಮುಂತಾದವುಗಳಿಗೆ ಮುಂಚೆ ‘ಎಂದು’ ಬೇಕೇ ಬೇಕು. “ಹೋಗಿ ನೋಡುತ್ತೇನೆ” ಹೇಳಿದರು ಎಂಬುದು ಅಪೂರ್ಣ. ‘ಎಂದ’ ತಾನೇ ‘ಹೇಳಿದ’ ಎಂಬ ಅರ್ಥ ಕೊಡುವುದರಿಂದ ‘ಎಂದು ಎಂದ’ ಬೇಡ. ‘ಎಂದು’ ಎಂಬುದಕ್ಕೆ ‘ಹೇಳಿ’ ಎಂಬ ಅರ್ಥವೂ ಇರುವುದರಿಂದ ಅದರ ಮುಂದೆ ಮಾತಿಗೆ ಸಂಬಂಧಪಡದ ಕ್ರಿಯೆ ಬಂದರೂ ಕನ್ನಡ ಒಪ್ಪುತ್ತದೆ: “ಸಾಕು ಬಿಡಿ” ಎಂದು ನಕ್ಕಳು; “ನಾಳೆ ನೋಡೋಣ” ಎಂದು ಎದ್ದರು. ಮಾತು ಮತ್ತು ಕ್ರಿಯೆ ಒಟ್ಟೊಟ್ಟಿಗೆ ನಡೆದರೆ ‘ಎನ್ನುತ್ತ’: “ಕಾಲು ಜಾರೀತು, ನೋಡಿಕೊಂಡು ಬನ್ನಿ” ಎನ್ನುತ್ತ ಅತ್ತಿಗೆ ಕೊಡೆ ಚಾಚಿದರು.

ಈ ಸೌಲಭ್ಯಕ್ಕೆ ಒಂದು ಕಟ್ಟುಪಾಡಿದೆ: ಮಾತನಾಡಿದವರೂ ಮುಂದಿನ ಕ್ರಿಯೆ ಮಾಡಿದವರೂ ಒಬ್ಬರೇ ಆಗಿರಬೇಕು. “ಯಾರದು?” ಎಂದು ನಾಯಿ ಬೊಗಳಿತು ಎಂದು ಬರೆದರೆ ಪ್ರಶ್ನೆ ಕೇಳಿದ್ದು ನಾಯಿಯೇ ಆಗುತ್ತದೆ. “ಯಾರದು?” ಎಂದರು ಭಟ್ಟರು. ನಾಯಿ ಬೊಗಳಿತು. ಎರಡು ವಾಕ್ಯ ಮಾಡಿದರೆ ಮುಗಿಯಿತು.

## ಹಂತ 4: ಗೌರವರೂಪಗಳನ್ನು ಹೊಂದಿಸಿ

ಒಬ್ಬರನ್ನು ನಿರೂಪಕರು ಹೇಗೆ ಕರೆಯುತ್ತಾರೆ ಎಂಬುದೂ ಪಾತ್ರಗಳು ಹೇಗೆ ಕರೆಯುತ್ತವೆ ಎಂಬುದೂ ಬೇರೆ ಬೇರೆ. ಗಣಪಯ್ಯನಿಗೆ ನಿರೂಪಕರು ‘ಎಂದ’ ಬಳಸಬಹುದು. ಅವನ ಮಗ ಅವನೊಡನೆ “ಅಪ್ಪಯ್ಯ, ನೀವು ಊಟ ಮಾಡಿ” ಎನ್ನಬಹುದು. ಇದರಲ್ಲಿ ವಿರೋಧವಿಲ್ಲ. ತಪ್ಪಾಗುವುದು ನಿರೂಪಣೆ ಒಮ್ಮೆ ‘ಭಟ್ಟರು ಎಂದರು’ ಎಂದೂ ಮುಂದಿನ ಪುಟದಲ್ಲಿ ‘ಭಟ್ಟ ಎಂದ’ ಎಂದೂ ಹೊರಳಿದಾಗ. ಪ್ರತಿ ಪಾತ್ರದ ಎದುರು ‘ಎಂದ, ಎಂದಳು, ಎಂದರು’ ಇವುಗಳಲ್ಲಿ ಯಾವುದೆಂದು ಖಾಲಿ ಹಾಳೆಯಲ್ಲಿ ಬರೆದುಕೊಳ್ಳಿ.

ಮಲೆನಾಡಿನ ಆಡುಮಾತನ್ನು ಬಳಸುವವರು ಅದನ್ನು ಉದ್ಧರಣ ಚಿಹ್ನೆಯ ಒಳಗೆ ಧಾರಾಳವಾಗಿ ಬಳಸಲಿ. ಹೊರಗಿನ ನಿರೂಪಣೆ ಗ್ರಂಥಭಾಷೆಯಲ್ಲಿದ್ದರೆ ‘ಎಂದ’, ಆಡುಮಾತಿನಲ್ಲಿದ್ದರೆ ‘ಅಂದ’. ಒಂದೇ ಕಥೆಯಲ್ಲಿ ಎರಡೂ ಬೆರೆತರೆ ತಿದ್ದಿದ ಗುರುತು ಎದ್ದು ಕಾಣುತ್ತದೆ.

## ಹಂತ 5: ಈಗ ಚಿಹ್ನೆಗಳು

ಪೆನ್ನಿನ ಬಣ್ಣ ಬದಲಿಸಿ. ಗೆರೆ ಎಳೆದ ಭಾಗಗಳಲ್ಲಿ ನೇರ ಮಾತಾದ ಪ್ರತಿಯೊಂದರ ಎರಡೂ ತುದಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಿ. ಚಿಹ್ನೆಗೂ ಒಳಗಿನ ಪದಕ್ಕೂ ನಡುವೆ ಜಾಗ ಬಿಡಬಾರದು; ಮುಚ್ಚುವ ಚಿಹ್ನೆಗೂ ‘ಎಂದ’ಗೂ ನಡುವೆ ಬಿಡಲೇಬೇಕು.

ಸಂಧಿ ಮಾಡಿದ ಜಾಗಗಳನ್ನು ಮೊದಲು ಹುಡುಕಿ. ‘ಬಿಡುತ್ತಿಲ್ಲವೆಂದು’, ‘ಬನ್ನಿರೆಂದು’ ಎಂದು ಕೂಡಿಸಿದ ಮೇಲೆ ಅಲ್ಲಿ ಚಿಹ್ನೆ ಹಾಕಲು ಸೀಳು ಉಳಿದಿಲ್ಲ. “ಬಿಡುತ್ತಿಲ್ಲ”ವೆಂದು ಎಂಬ ರೂಪದಲ್ಲಿ ‘ವ’ಕಾರ ಪಾತ್ರದ್ದೂ ಅಲ್ಲ, ನಿರೂಪಕರದ್ದೂ ಅಲ್ಲ. ನೇರ ಮಾತಾದರೆ ಬಿಡಿಸಿ ಬರೆಯಿರಿ: “ಬಿಡುತ್ತಿಲ್ಲ” ಎಂದು. ಕೂಡಿಸಿಯೇ ಬರೆಯಬೇಕೆನಿಸಿದರೆ ಚಿಹ್ನೆ ತೆಗೆಯಿರಿ.

ಹೇಳಿಕೆಯ ಕೊನೆಯಲ್ಲಿ, ಮುಂದೆ ‘ಎಂದ’ ಬರುವುದಾದರೆ, ಒಳಗೆ ಪೂರ್ಣವಿರಾಮ ಬೇಡ. ಕೆಲವರು ಅಲ್ಲಿ ಅಲ್ಪವಿರಾಮ ಹಾಕುತ್ತಾರೆ. ‘ಎಂದ’ ತಾನೇ ಮಾತನ್ನು ಮುಗಿಸುವುದರಿಂದ ಅದೂ ಅನಗತ್ಯ ಎಂದು ನನ್ನ ಅಭಿಪ್ರಾಯ. ಹಾಕುವುದೇ ಆದರೆ ಎಲ್ಲ ಕಡೆ ಹಾಕಿ. ಮಾತಿನಲ್ಲಿ ಹಲವು ವಾಕ್ಯಗಳಿದ್ದರೆ ನಡುವಿನ ಪೂರ್ಣವಿರಾಮಗಳು ಇರಲಿ, ಕೊನೆಯದನ್ನು ಮಾತ್ರ ಬಿಡಿ. ‘ಎಂದ’ ಇಲ್ಲದೆ ಮಾತು ಒಂಟಿಯಾಗಿ ನಿಂತಿದ್ದರೆ ಪೂರ್ಣವಿರಾಮ ಚಿಹ್ನೆಯ ಒಳಗೆ ಬರುತ್ತದೆ.

ಪ್ರಶ್ನೆ ಯಾರದೋ ಚಿಹ್ನೆ ಅವರದು. ಪಾತ್ರ ಪ್ರಶ್ನಿಸಿದರೆ ಪ್ರಶ್ನಾರ್ಥಕ ಚಿಹ್ನೆ ಒಳಗೆ: “ಕೊನೆಗಾರರು ಸಿಕ್ಕಿದರೇ?” ಎಂದು ಕೇಳಿದ. ‘ಕೇಳಿದ’ ಎಂಬುದು ನಿರೂಪಕರ ಹೇಳಿಕೆ. ಅದರ ಮುಂದೆ ಪೂರ್ಣವಿರಾಮ. ನಿರೂಪಕರೇ ಪ್ರಶ್ನಿಸುತ್ತಿದ್ದರೆ ಚಿಹ್ನೆ ಹೊರಗೆ: ಗಣಪಯ್ಯ “ನಾಳೆ ಬರುತ್ತೇನೆ” ಎಂದನೇ? ಆಶ್ಚರ್ಯಸೂಚಕ ಚಿಹ್ನೆಗೂ ಇದೇ ನಿಯಮ, ಅದೂ ಒಂದೇ ಒಂದು ಸಲ.

ಹೆಸರು ಮುಂದಿದ್ದರೆ ಅದರ ಜೊತೆ ಅಲ್ಪವಿರಾಮ ಹಾಕುವುದು ಒಳ್ಳೆಯ ಅಭ್ಯಾಸ. ಮಾತಿನೊಳಗೆ ಸಂಬೋಧನೆಯ ನಂತರದ ಅಲ್ಪವಿರಾಮವನ್ನಂತೂ ಬಿಡಲೇಬಾರದು. ಭಾವ, ಮಾವ, ಅತ್ತಿಗೆ ಎಂಬುವು ಕರೆಯುವ ಪದಗಳೂ ಹೌದು, ಕರ್ತೃಪದಗಳೂ ಹೌದು. “ಅತ್ತಿಗೆ ಕರೆದರು” ಎಂದರೆ ಅತ್ತಿಗೆಯೇ ಕರೆದದ್ದು. “ಅತ್ತಿಗೆ, ಕರೆದರು” ಎಂದರೆ ಬೇರಾರೋ ಕರೆದದ್ದನ್ನು ಅತ್ತಿಗೆಗೆ ತಿಳಿಸುತ್ತಿರುವುದು. ಕರೆ ಕೊನೆಯಲ್ಲಿ ಬಂದರೆ ಅಲ್ಪವಿರಾಮ ಅದರ ಮುಂಚೆ: “ಏನು ಮಳೆ, ಮಾರಾಯ!”

ಇಷ್ಟಾದ ಮೇಲೆ ನಮ್ಮ ಭಾಗ ಹೀಗಾಗುತ್ತದೆ:

ಗಣಪಯ್ಯ ಅಂಗಳಕ್ಕೆ ಬಂದು, “ಭಾವ, ಈ ಸಲ ಕೊನೆಗಾರರು ಸಿಕ್ಕಿದರೇ?” ಎಂದು ಕೇಳಿದ.

“ಯಾರೂ ಸಿಕ್ಕಿಲ್ಲ. ಮಳೆ ಬೇರೆ ಬಿಡುತ್ತಿಲ್ಲ” ಎಂದರು ಭಟ್ಟರು. “ನಾನು ನಾಳೆ ಕೋಣಂದೂರಿಗೆ ಹೋಗಿ ನೋಡುತ್ತೇನೆ.”

“ಹಾಗಾದರೆ ನಾನೂ ಬರುತ್ತೇನೆ” ಎಂದ ಗಣಪಯ್ಯ.

## ಹಂತ 6: ಮಾತಿನೊಳಗಿನ ಮಾತು, ಮನಸ್ಸಿನ ಮಾತು

ಪಾತ್ರ ಇನ್ನೊಬ್ಬರ ಮಾತನ್ನು ಎತ್ತಿ ಹೇಳಿದರೆ ಹೊರಗೆ ಜೋಡಿ ಚಿಹ್ನೆ, ಒಳಗೆ ಒಂಟಿ ಚಿಹ್ನೆ: “ಅಪ್ಪಯ್ಯ ‘ರಾಶಿ ಅಡಿಕೆ ಈ ವಾರ ಮಂಡಿಗೆ ಬೇಡ’ ಎಂದಿದ್ದರು” ಎಂದ ಗಣಪಯ್ಯ. ಒಳಗಿನ ಮಾತಿಗೂ ಅದರದೇ ‘ಎಂದು’ ಬೇಕು. ಎರಡು ಮಾತಿಗೆ ಒಂದೇ ‘ಎಂದು’ ಸಾಲದು.

ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಕೆಲವರು ಒಂಟಿ ಚಿಹ್ನೆ ಬಳಸುತ್ತಾರೆ, ಕೆಲವರು ಏನೂ ಹಾಕುವುದಿಲ್ಲ. ‘ಎಂದುಕೊಂಡ’ ಎಂಬುದೇ ವಿಷಯ ತಿಳಿಸುವುದರಿಂದ ಎರಡೂ ನಡೆಯುತ್ತದೆ. ಜೋಡಿ ಚಿಹ್ನೆ ಮಾತ್ರ ಬೇಡ. ಅವನು ಗಟ್ಟಿಯಾಗಿ ಆಡಿದನೆಂದು ಓದುಗ ತಿಳಿಯುತ್ತಾನೆ.

## ಹಂತ 7: ಪ್ಯಾರಾ ಒಡೆಯಿರಿ

ಆಡುವವರು ಬದಲಾದರೆ ಹೊಸ ಪ್ಯಾರಾ. ಮಾತು ಒಂದೇ ಪದದ್ದಾಗಿದ್ದರೂ ಹಾಗೆಯೇ. ಇಬ್ಬರೇ ಮಾತನಾಡುತ್ತಿದ್ದರೆ ಕೆಲವು ಸಾಲು ‘ಎಂದ’ ಇಲ್ಲದೆ ನಡೆಸಬಹುದು. ನಾಲ್ಕೈದು ಸಾಲಿಗೊಮ್ಮೆಯಾದರೂ ಹೆಸರು ಬರಲಿ. ಗಂಡು, ಹೆಣ್ಣು ಮಾತನಾಡುವಾಗ ‘ಎಂದ’, ‘ಎಂದಳು’ಗಳೇ ಆಳನ್ನು ತೋರಿಸಿಕೊಡುತ್ತವೆ. ಇಬ್ಬರು ಹಿರಿಯರಿದ್ದರೆ ಇಬ್ಬರಿಗೂ ‘ಎಂದರು’. ಅಲ್ಲಿ ಹೆಸರಿಲ್ಲದೆ ಗತಿಯಿಲ್ಲ.

ಒಬ್ಬರದೇ ಮಾತು ಹಲವು ಪ್ಯಾರಾಗಳಿಗೆ ಹರಿದರೆ ಪ್ರತಿ ಪ್ಯಾರಾದ ಆರಂಭದಲ್ಲಿ ತೆರೆಯುವ ಚಿಹ್ನೆ ಹಾಕಿ, ಮುಚ್ಚುವುದನ್ನು ಕೊನೆಯ ಪ್ಯಾರಾದಲ್ಲಿ ಮಾತ್ರ ಹಾಕಿ. ನಡುವೆ ಮುಚ್ಚಿಬಿಟ್ಟರೆ ಮುಂದಿನ ಪ್ಯಾರಾವನ್ನು ಬೇರೆಯವರ ಮಾತೆಂದು ಓದುತ್ತಾರೆ.

## ಇಂಗ್ಲಿಷಿನ ಲೆಕ್ಕ ಬೇರೆ

ವಿದ್ಯಾರ್ಥಿಗಳು ಎರಡೂ ಭಾಷೆಯಲ್ಲಿ ಬರೆಯುವುದರಿಂದ ಅಭ್ಯಾಸಗಳು ಆ ಕಡೆಯಿಂದ ಈ ಕಡೆಗೆ ಜಾರುತ್ತವೆ. ಇಂಗ್ಲಿಷಿನಲ್ಲಿ ಮಾತು ಮುಗಿಯಿತೆಂದು ಸಾರುವ ‘ಎಂದು’ವಿನಂಥ ಪದ ನೇರ ಮಾತಿಗಿಲ್ಲ. ಆ ಹೊಣೆಯನ್ನೆಲ್ಲ ಚಿಹ್ನೆಗಳೇ ಹೊರಬೇಕು. ಹಾಗಾಗಿ ಅಲ್ಲಿ ಹೇಳಿಕೆಯ ನಂತರ ‘ಹೇಳಿದ’ ಎಂಬರ್ಥದ ಕ್ರಿಯಾಪದ ಬಂದರೆ ಮುಚ್ಚುವ ಚಿಹ್ನೆಯ ಒಳಗೆ ಅಲ್ಪವಿರಾಮ ಕಡ್ಡಾಯ. ಆ ಕ್ರಿಯಾಪದ ಮೊದಲೇ ಬಂದರೆ ಅಲ್ಪವಿರಾಮ ಅದರ ಜೊತೆಗೆ, ತೆರೆಯುವ ಚಿಹ್ನೆಗೆ ಮುಂಚೆ. ಮಾತಾಗಿ ಬಂದ ಪೂರ್ಣ ವಾಕ್ಯದ ಮೊದಲ ಅಕ್ಷರ ದೊಡ್ಡಕ್ಷರ. ವಾಕ್ಯದ ನಡುವೆ ಒಡೆದು ಮುಂದುವರಿಸಿದರೆ ಎರಡನೆಯ ತುಂಡು ಸಣ್ಣಕ್ಷರದಿಂದ ಶುರು, ಒಡೆದ ಜಾಗದ ಎರಡೂ ಬದಿ ಅಲ್ಪವಿರಾಮ. ಪ್ರಶ್ನಾರ್ಥಕ ಚಿಹ್ನೆ ಬಂದಲ್ಲಿ ಅಲ್ಪವಿರಾಮ ಬೇಡ, ಅದರ ನಂತರ ಬರುವ ‘ಅವನು ಕೇಳಿದ’ ಎಂಬರ್ಥದ ಪದಗಳು ಸಣ್ಣಕ್ಷರದಲ್ಲೇ ಇರುತ್ತವೆ. ಇದನ್ನು ಮರೆತು ದೊಡ್ಡಕ್ಷರ ಬರೆಯುವವರು ಬಹಳ.

ಪದಕ್ರಮದಲ್ಲಿ, ಮಾತಿನ ನಂತರ ಹೆಸರು ಬಂದರೆ ಕ್ರಿಯಾಪದ, ಹೆಸರು ಎರಡರಲ್ಲಿ ಯಾವುದು ಮೊದಲಾದರೂ ಸರಿ. ಅವನು, ಅವಳು ಎಂಬರ್ಥದ ಸರ್ವನಾಮವಿದ್ದರೆ ಸರ್ವನಾಮವೇ ಮೊದಲು. ತಿರುಗಿಸಿದರೆ ಹಳೆಯ ಕಾಲದ ಬರವಣಿಗೆಯಂತೆ ಕೇಳಿಸುತ್ತದೆ. ಅಮೆರಿಕದ ಮುದ್ರಣದಲ್ಲಿ ಹೊರಗೆ ಜೋಡಿ ಚಿಹ್ನೆ, ಬ್ರಿಟನ್ನಿನ ಪುಸ್ತಕಗಳಲ್ಲಿ ಹೆಚ್ಚಾಗಿ ಒಂಟಿ ಚಿಹ್ನೆ. ಪರೋಕ್ಷಕ್ಕೆ ತಿರುಗಿಸುವಾಗ ಅಲ್ಲಿ ಸಾಮಾನ್ಯವಾಗಿ ಕಾಲವೂ ಹಿಂದಕ್ಕೆ ಸರಿಯುತ್ತದೆ; ಕನ್ನಡದಲ್ಲಿ ಹಾಗೆ ಸರಿಸಬೇಕಿಲ್ಲ.

ಅನುವಾದಿಸುವವರು ಇಂಗ್ಲಿಷ್ ಸಾಲನ್ನು ಪದದ ಮೇಲೆ ಪದವಿಟ್ಟು ತಂದಾಗ ‘ಅವನು ಹೇಳಿದ, “ನಾನು ನಾಳೆ ಬರುತ್ತೇನೆ”’ ಎಂಬಂಥ ವಾಕ್ಯ ಹುಟ್ಟುತ್ತದೆ. ಮೂರನೆಯ ಹಂತಕ್ಕೆ ಮರಳಿ, ‘ಎಂದ’ನ ಜಾಗವನ್ನು ಹೊಸದಾಗಿ ನಿರ್ಧರಿಸಿ.

## ಹಂತ 8: ಟೈಪು ಮಾಡುವಾಗ

ಬಾಗಿದ ಚಿಹ್ನೆಗಳನ್ನೇ ಬಳಸಿ. ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಕೀಲಿ ಒತ್ತಿ ಹಿಡಿದು ಬಲಬದಿಯ ಅಂಕಿಗಳಲ್ಲಿ 0147 ಒತ್ತಿದರೆ ತೆರೆಯುವ ಜೋಡಿ ಚಿಹ್ನೆ, 0148 ಒತ್ತಿದರೆ ಮುಚ್ಚುವುದು. ಒಂಟಿ ಚಿಹ್ನೆಗಳಿಗೆ 0145 ಮತ್ತು 0146. ವರ್ಡ್‌ನಲ್ಲಿ ಅವು ತಾವಾಗಿಯೇ ಬಾಗುತ್ತವೆ, ಆದರೆ ತುಂಡಾದ ಮಾತಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಚಿಹ್ನೆ ಒತ್ತಿದಾಗ ಮುಚ್ಚುವುದರ ಬದಲು ತೆರೆಯುವ ಚಿಹ್ನೆ ಬೀಳುವುದುಂಟು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಕಡತವನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಎಲ್ಲ ಉದ್ಧರಣ ಚಿಹ್ನೆಗಳನ್ನೂ ಕಣ್ಣಿಟ್ಟು ನೋಡಿ. ಕೆಲವು ಬೇರೆ ಅಕ್ಷರವಾಗಿಯೋ ಖಾಲಿ ಜಾಗವಾಗಿಯೋ ಬದಲಾಗಿರಬಹುದು.

ಮಾತು ತಾನಾಗಿ ಕ್ಷೀಣಿಸಿದರೆ ಮೂರು ಚುಕ್ಕೆ, ಇನ್ನೊಬ್ಬರು ಅಡ್ಡ ಬಾಯಿ ಹಾಕಿದರೆ ಅಡ್ಡಗೆರೆ. ಏಳೆಂಟು ಚುಕ್ಕೆ ಸುರಿಯುವುದರಿಂದ ಭಾವ ಹೆಚ್ಚುವುದಿಲ್ಲ.

## ಎಚ್ಚರಿಕೆಯ ಲಕ್ಷಣಗಳು

ಕೊನೆಗೆ ಇಬ್ಬರು ಕುಳಿತು ಗಟ್ಟಿಯಾಗಿ ಓದಿ: ಒಬ್ಬರು ಚಿಹ್ನೆಯ ಒಳಗಿನದನ್ನು ಮಾತ್ರ, ಇನ್ನೊಬ್ಬರು ಹೊರಗಿನದನ್ನು ಮಾತ್ರ. ಓದು ಯಾರದೆಂದು ಇಬ್ಬರೂ ತಡವರಿಸಿದ ಜಾಗದಲ್ಲಿ ಚಿಹ್ನೆ ತಪ್ಪಿದೆ. ಒಳಗಿನದನ್ನು ಓದುವವರ ಬಾಯಲ್ಲಿ ‘ತಾನು’ ಬಂದರೆ ಎರಡನೆಯ ಹಂತ ಉಳಿದುಹೋಗಿದೆ. ಹೊರಗಿನದನ್ನು ಓದುವವರ ಧ್ವನಿ ಪ್ರಶ್ನೆಯಂತೆ ಏರಿದರೆ ಪ್ರಶ್ನಾರ್ಥಕ ಚಿಹ್ನೆ ಹೊರಗೆ ಬಿದ್ದಿದೆ. ‘ಎಂದ’ ಬಂದಾಗ ಕೇಳುತ್ತಿರುವ ಮೂರನೆಯವರು “ಯಾರು?” ಎಂದು ಕೇಳಿದರೆ ಅಲ್ಲಿ ಹೆಸರು ಸೇರಿಸಿ, ಮತ್ತೆ ಅದೇ ಪುಟವನ್ನು ಓದಿ.